ಹಡಗಿಗೊಂದು ಪ್ರಸ್ಥಾನ

ಬುಧವಾರ ಉತ್ತರಕ್ಕೆ ಶೂಲೆ, ಆ ದಿಕ್ಕಿಗೆ ಹೊರಡಬಾರದು. ಮಂಗಳವಾರವೂ ಅಷ್ಟೇ. ಸೋದರಮಾವ ಬುಧವಾರವೇ ಮುಂಬಯಿಗೆ ಹೊರಡಬೇಕಾಗಿ ಬಂದರೆ ನಮ್ಮಜ್ಜಿ ಸೋಮವಾರ ಸಂಜೆಯೇ ಅವನದೊಂದು ಪಂಚೆ, ಹಿಡಿ ಅಕ್ಕಿ, ಎರಡು ಅಡಿಕೆ ಗಂಟು ಕಟ್ಟಿ ಆಚೆಮನೆಯ ಜಗಲಿಯಲ್ಲಿ ಇಟ್ಟು ಬರುತ್ತಿದ್ದಳು. ಪ್ರಸ್ಥಾನ ಇಡುವುದು ಅಂದರೆ ಅದು. ಗಂಟು ಹೊಸಿಲು ದಾಟಿತೆಂದರೆ ಪ್ರಯಾಣ ಶುರುವಾದಂತೆ. ಆಮೇಲೆ ಮಾವ ಯಾವಾಗ ಕಾಲು ಹೊರಗಿಟ್ಟರೂ ಪಂಚಾಂಗದ ತಕರಾರಿಲ್ಲ. ಮಾವ ನಗುತ್ತಿದ್ದ. ಅವನನ್ನು ನೋಡಿ ನಾನೂ ನಗುತ್ತಿದ್ದೆ. ಹತ್ತಾರು ಸಲ ಹಡಗು ಹತ್ತಿ ಇಳಿದ ಮೇಲೆ ನನ್ನ ನಗು ನಿಂತಿದೆ. ಈಗ ಗಂಟಿನ ಜೊತೆ ನಾನೇ ಹಿಂದಿನ ಸಂಜೆ ಆಚೆಮನೆಗೆ ಹೋಗಿ ಮಲಗುತ್ತೇನೆ. ಆಚೆಮನೆ ಅಂದರೆ ಬಂದರು ಇರುವ ಊರು.

ನೆಂಟರಿಷ್ಟರಲ್ಲಿ ಯಾರೇ ಕ್ರೂಸ್‌ಗೆ ಹೊರಟರೂ ನನಗೊಂದು ಫೋನ್ ಬರುತ್ತದೆ. ಸಸ್ಯಾಹಾರ ಸಿಗುತ್ತದಾ ಎಂಬುದು ಮೊದಲ ಪ್ರಶ್ನೆ. ವಾಂತಿ ಬರುತ್ತದಾ ಎಂಬುದು ಎರಡನೆಯದು. ಮೂರನೆಯದನ್ನು ಯಾರೂ ಕೇಳುವುದಿಲ್ಲ, ಹೆಮ್ಮೆಯಿಂದ ಹೇಳುತ್ತಾರೆ: ‘ರಾತ್ರಿ ವಿಮಾನ, ಬೆಳಿಗ್ಗೆ ಸಿಂಗಪುರ, ಹಡಗು ಸಂಜೆ ಐದಕ್ಕೆ. ಒಂದು ರಾತ್ರಿಯ ಹೋಟೆಲ್ ದುಡ್ಡು ಉಳೀತು ನೋಡಿ.’

ಲೆಕ್ಕ ತಪ್ಪಿಲ್ಲ. ಬೆಂಗಳೂರಿನಿಂದ ಸಿಂಗಪುರಕ್ಕೆ ನಾಲ್ಕೂವರೆ ಗಂಟೆಯ ಹಾರಾಟ, ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಎಲ್ಲವೂ ಸರಿಯಾಗಿ ನಡೆದರೆ ಕೈಯಲ್ಲಿ ಅರ್ಧ ದಿನ ಮಿಗುತ್ತದೆ. ಹತ್ತರಲ್ಲಿ ಒಂಬತ್ತು ಸಲ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ ಎಂದಿಟ್ಟುಕೊಳ್ಳಿ. ನಾನು ಬರೆಯುತ್ತಿರುವುದು ಹತ್ತನೆಯ ಸಲದ ಬಗ್ಗೆ. ವಿಮಾನ ತಪ್ಪಿದರೆ ಇನ್ನೊಂದು ವಿಮಾನವುಂಟು, ಬಸ್ಸು ತಪ್ಪಿದರೆ ಹಿಂದೆಯೇ ಇನ್ನೊಂದು ಬಸ್ಸು. ಹಡಗು ತಪ್ಪಿದರೆ ಮುಂದಿನ ಹಡಗು ಮುಂದಿನ ವಾರ, ಅದಕ್ಕೆ ನಿಮ್ಮ ಟಿಕೆಟ್ ನಡೆಯುವುದಿಲ್ಲ.

ಸಿಂಗಪುರದ್ದೇ ಇನ್ನೊಂದು ತಮಾಷೆ ಇದೆ. ಅಲ್ಲಿ ಕ್ರೂಸ್ ಟರ್ಮಿನಲ್ ಎರಡು. ಹಳೆಯದು ಹಾರ್ಬರ್‌ಫ್ರಂಟ್‌ನಲ್ಲಿ, ವಿವೋಸಿಟಿ ಮಾಲ್‌ನ ಪಕ್ಕಕ್ಕೆ. ದೊಡ್ಡ ಹಡಗುಗಳಿಗೆಂದು 2012ರಲ್ಲಿ ತೆರೆದದ್ದು ಮರೀನಾ ಬೇ ಕ್ರೂಸ್ ಸೆಂಟರ್. ಮೆಟ್ರೊದ ಕೆಂಪು ಮಾರ್ಗದ ಕೊನೆಯ ನಿಲ್ದಾಣ ಮರೀನಾ ಸೌತ್ ಪಿಯರ್‌ನಲ್ಲಿ ಇಳಿದರೆ ಹತ್ತಿರ. ಟ್ಯಾಕ್ಸಿಯವನಿಗೆ ಬರೀ ‘ಕ್ರೂಸ್ ಸೆಂಟರ್’ ಎಂದರೆ ಅವನು ಎರಡರಲ್ಲಿ ಒಂದಕ್ಕೆ ಒಯ್ಯುತ್ತಾನೆ, ನಿಮ್ಮ ಹಡಗು ಇನ್ನೊಂದರಲ್ಲಿರುತ್ತದೆ. ಸೌತಾಂಪ್ಟನ್‌ನಲ್ಲಂತೂ ಟರ್ಮಿನಲ್‌ಗಳು ಐದು. ಹಿಂದಿನ ದಿನ ಬಂದವನು ಸಂಜೆ ಒಂದು ಸುತ್ತು ಹಾಕಿ ಯಾವ ಬಾಗಿಲು ಎಂದು ನೋಡಿಟ್ಟುಕೊಳ್ಳುತ್ತಾನೆ. ಮದುವೆಗೆ ಹೋದವರು ಛತ್ರದ ಹೆಸರು ಸರಿಯಾಗಿ ಓದದೆ ಪಕ್ಕದ ಛತ್ರದಲ್ಲಿ ಊಟ ಮಾಡಿ ಬಂದ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಡಗಿನಲ್ಲಿ ಅದು ಸಾಧ್ಯವಿಲ್ಲ, ಪಾಸ್‌ಪೋರ್ಟ್ ಕೇಳುತ್ತಾರೆ.

ಸಾವಿರಾರು ಜನರಿರುವ ಹಡಗು ನಾಲ್ಕು ಜನರಿಗಾಗಿ ಅರ್ಧ ಗಂಟೆ ನಿಂತರೆ ಏನು ಮುಳುಗಿಹೋಗುತ್ತದೆ ಎಂದು ಕೇಳುವವರಿದ್ದಾರೆ. ಕ್ಯಾಪ್ಟನ್ ಕಟುಕನಲ್ಲ. ಬಂದರಿನಿಂದ ಹೊರಗೆ ದಾರಿ ತೋರುವ ಪೈಲಟ್‌ನನ್ನು ಇಷ್ಟು ಗಂಟೆಗೆಂದು ಮೊದಲೇ ಗೊತ್ತು ಮಾಡಿರುತ್ತಾರೆ. ಟಗ್‌ಗಳಿಗೂ ಹಗ್ಗ ಬಿಚ್ಚುವವರಿಗೂ ಅದೇ ಗಂಟೆ. ಬರ್ತ್‌ಗೆ ಇನ್ನೊಂದು ಹಡಗು ಕಾಯುತ್ತಿರಬಹುದು. ಎಷ್ಟೋ ಕಡೆ ಭರತದ ನೀರೂ ನೋಡಬೇಕು. ನಾಳೆ ಬೆಳಗ್ಗಿನ ಬಂದರಿನಲ್ಲಿ ಇನ್ನೊಬ್ಬ ಪೈಲಟ್ ಇನ್ನೊಂದು ಗಂಟೆಗೆ ನಿಂತಿರುತ್ತಾನೆ. ಅಮೆರಿಕದ ಬಂದರುಗಳಲ್ಲಾದರೆ ಪ್ರಯಾಣಿಕರ ಕೊನೆಯ ಪಟ್ಟಿ ಹೊರಡುವ ಅರವತ್ತು ನಿಮಿಷ ಮೊದಲೇ ಸರ್ಕಾರಕ್ಕೆ ಸಲ್ಲಬೇಕು. ಆಮೇಲೆ ಗ್ಯಾಂಗ್‌ವೇ ಇನ್ನೂ ಇಳಿಬಿಟ್ಟಿದ್ದರೂ ನಿಮ್ಮ ಪಾಲಿಗೆ ಅದು ಗೋಡೆ. ಟಿಕೆಟ್ ಮೇಲಿನ ‘ಐದು ಗಂಟೆ’ ಹಡಗಿನ ಗಂಟೆ. ನಿಮ್ಮದು ಮೂರೂವರೆ, ಹೆಚ್ಚೆಂದರೆ ನಾಲ್ಕು.

ತಡವಾದದ್ದೇ ಒಳ್ಳೆಯದಾದ ಉದಾಹರಣೆ ಒಂದಿದೆ. 1912ರ ಏಪ್ರಿಲ್ 10ರ ಬೆಳಿಗ್ಗೆ ಸೌತಾಂಪ್ಟನ್‌ನ ಪಬ್ ಒಂದರಲ್ಲಿ ಕೂತಿದ್ದ ಸ್ಲೇಡ್ ಎಂಬ ಸೋದರರು, ಕಲ್ಲಿದ್ದಲು ಹಾಕುವ ಕೆಲಸದವರು, ಹಡಗಿನತ್ತ ಓಡುವಾಗ ಅಡ್ಡಲಾಗಿ ರೈಲು ಬಂತು. ರೈಲು ದಾಟುವಷ್ಟರಲ್ಲಿ ಟೈಟಾನಿಕ್‌ನ ಬಾಗಿಲು ಮುಚ್ಚಿತ್ತು. ಇದನ್ನು ಹೇಳಿದ ಕೂಡಲೇ ನನ್ನ ಗೆಳೆಯನೊಬ್ಬ, ‘ಹಾಗಾದರೆ ತಡವಾಗಿ ಹೋಗುವುದೇ ಕ್ಷೇಮ’ ಅಂದ. ಅವನ ಜೊತೆ ನಾನು ಪ್ರಯಾಣ ಮಾಡುವುದಿಲ್ಲ.

ಅದೇ ದಿನ ಬಂದು ಅದೇ ದಿನ ಹಡಗು ಹತ್ತಿದವರಲ್ಲಿ ನಮಗೆಲ್ಲ ಗೊತ್ತಿರುವವರು ಗಾಂಧೀಜಿ. 1931ರ ಆಗಸ್ಟ್ 27ರಂದು ಶಿಮ್ಲಾದಲ್ಲಿ ವೈಸರಾಯ್ ವಿಲಿಂಗ್ಡನ್ ಜೊತೆಗಿನ ಮಾತುಕತೆ ಮುಗಿಯಿತು. ದುಂಡುಮೇಜಿನ ಪರಿಷತ್ತಿಗೆ ಅವರು ಹೋಗಬೇಕಿದ್ದ ಹಡಗು ಎಸ್.ಎಸ್. ರಾಜಪುತಾನಾ ಮುಂಬಯಿ ಬಿಡುವುದು 29ಕ್ಕೆ. ಶಿಮ್ಲಾದಿಂದ ಕಾಲ್ಕಾಕ್ಕೆ ವಿಶೇಷ ರೈಲು ಬಿಟ್ಟು ಅವರನ್ನು ಇಳಿಸಿದರು. ಹಾಗೆ ಕೊನೆಯ ಗಳಿಗೆಗೆ ಓಡಿ ಹಡಗು ಹಿಡಿಯಲೇಬೇಕೆಂದರೆ ಹಿಂದೆ ಒಂದು ಸಾಮ್ರಾಜ್ಯ ನಿಂತು ರೈಲು ಬಿಡಬೇಕು. ನಮಗೆ ಬಿಡುವವರಿಲ್ಲ.

ನಾನೂ ಒಮ್ಮೆ ಆ ಒಂದು ರಾತ್ರಿಯ ದುಡ್ಡು ಉಳಿಸಲು ಹೋಗಿದ್ದೆ. ರೋಮ್‌ನ ಬಂದರು ರೋಮ್‌ನಲ್ಲಿಲ್ಲ. ಎಂಬತ್ತು ಕಿಲೋಮೀಟರ್ ಆಚೆ ಚಿವಿತಾವೆಕ್ಕಿಯಾದಲ್ಲಿದೆ. ಹಡಗು ಸಂಜೆ ಏಳಕ್ಕೆ, ವಿಮಾನ ಮುಟ್ಟಬೇಕಾದದ್ದು ಬೆಳಿಗ್ಗೆ. ನಡುವೆ ವಿಮಾನ ಬದಲಿಸುವ ಊರಿನಲ್ಲಿ ನಾಲ್ಕು ಗಂಟೆ ಕೂರಿಸಿದರು. ಫಿಯುಮಿಚೀನೊದಲ್ಲಿ ಇಳಿದಾಗ ಸೂಟ್‌ಕೇಸ್ ಬಂದಿರಲಿಲ್ಲ. ಅದಕ್ಕೆ ಅರ್ಜಿ ಬರೆಯುವುದೋ, ಹಡಗು ಹಿಡಿಯುವುದೋ? ಹೆಂಡತಿ ನನ್ನ ಅಂಗಿ ಹಿಡಿದೆಳೆದಳು. ವಿಮಾನ ನಿಲ್ದಾಣದ ರೈಲು, ತ್ರಾಸ್ತೇವೆರೆಯಲ್ಲಿ ಇಳಿದು ಇನ್ನೊಂದು ರೈಲು, ಆ ರೈಲಿಗೋ ಪ್ರತಿ ನಿಲ್ದಾಣದಲ್ಲೂ ಬಂಧುಬಳಗ. ಚಿವಿತಾವೆಕ್ಕಿಯಾದಿಂದ ಬಸ್ಸಿನಲ್ಲಿ ಲಾರ್ಗೊ ದೆಲ್ಲಾ ಪಾಚೆ, ಅಲ್ಲಿಂದ ಬಂದರಿನೊಳಗಿನ ಬಸ್ಸು. ಕೌಂಟರ್ ಮುಚ್ಚಲು ಇಪ್ಪತ್ತು ನಿಮಿಷ ಇದೆ ಎಂದಳು ಅಲ್ಲಿನ ಹುಡುಗಿ, ನಗುನಗುತ್ತಲೇ. ಹಡಗು ಸಿಕ್ಕಿತು. ಸೂಟ್‌ಕೇಸ್ ಎರಡು ದಿನದ ಮೇಲೆ ಇನ್ನೊಂದು ಬಂದರಿನಲ್ಲಿ ಬಂದು ಸೇರಿತು. ಅಲ್ಲಿಯವರೆಗೆ ಹಡಗಿನ ಅಂಗಡಿಯಲ್ಲಿ ಕೊಂಡ, ಲಂಗರಿನ ಚಿತ್ರವಿದ್ದ ಒಂದೇ ಟೀಶರ್ಟ್‌ನಲ್ಲಿ ಊಟಕ್ಕೆ ಹೋದೆ. ಆ ಟೀಶರ್ಟ್‌ನ ಬೆಲೆಗೆ ಚಿವಿತಾವೆಕ್ಕಿಯಾದಲ್ಲಿ ಅರ್ಧ ರಾತ್ರಿಯ ಕೋಣೆ ಸಿಗುತ್ತಿತ್ತು.

ಎರಡನೆಯ ಸಲ ಚಿವಿತಾವೆಕ್ಕಿಯಾಕ್ಕೆ ಒಂದು ದಿನ ಮೊದಲೇ ಹೋದೆ. ಎಲ್ಲರೂ ರೋಮ್‌ಗೆ ಓಡುವ ಹಾದಿಯಲ್ಲಿ ಬೆನ್ನು ತೋರಿಸುವ ಊರು ಅದು. ಫ್ರೆಂಚ್ ಕಾದಂಬರಿಕಾರ ಸ್ತಾಂಧಾಲ್ 1831ರಿಂದ ಇಲ್ಲಿ ಕಾನ್ಸಲ್ ಆಗಿದ್ದ, ಬೇಸರ ತಾಳಲಾರದೆ ಸಿಕ್ಕ ನೆಪಕ್ಕೆಲ್ಲ ರೋಮ್‌ಗೆ ಓಡುತ್ತಿದ್ದ. ವರ್ಷಗಟ್ಟಲೆ ಇದ್ದರೆ ಬೇಸರವೇ ಇರಬಹುದು, ಒಂದು ಸಂಜೆಗೆ ಬೇಕಾದಷ್ಟಿದೆ. ಬಂದರಿನ ಬಾಯಲ್ಲೇ ಮೈಕೆಲಾಂಜೆಲೊ ಹೆಸರಿನ ಕೋಟೆ. ಊರೊಳಗೆ ಒಬ್ಬ ಸಮುರಾಯ್‌ನ ಪ್ರತಿಮೆ: ಪೋಪ್ ಅವರನ್ನು ಕಾಣಲು ಜಪಾನಿನಿಂದ ಹೊರಟ ಹಸೆಕುರಾ ತ್ಸುನೆನಾಗಾ 1615ರಲ್ಲಿ ಇಳಿದದ್ದು ಈ ದಂಡೆಗೆ. ಜಪಾನಿನ ಹುತಾತ್ಮರ ಹೆಸರಿನ ಒಂದು ಚರ್ಚ್ ಇದೆ, ಅದರ ಗೋಡೆಯ ಮೇಲೆ ಮೇರಿ ಕಿಮೊನೊ ಉಟ್ಟಿದ್ದಾಳೆ. ಸಂಜೆ ದಂಡೆಯ ಮೇಲೆ ಊರವರೆಲ್ಲ ಅಡ್ಡಾಡುತ್ತಾರೆ. ಮಾರನೆಯ ಬೆಳಿಗ್ಗೆ ಕಿಟಕಿ ತೆರೆದರೆ ನಮ್ಮ ಹಡಗು ಬಂದು ನಿಂತಿತ್ತು. ಹಡಗು ನಮಗೆ ಕಾಯುವುದಿಲ್ಲ, ನಿಜ. ನಾವು ಹಡಗಿಗೆ ಕಾಯುವುದರಲ್ಲಿ ಎಂಥ ಸುಖವಿದೆ ಎಂದು ಅವತ್ತು ಗೊತ್ತಾಯಿತು.

ಖಂಡ ದಾಟಿ ಹೋಗುವುದಾದರೆ ನನ್ನ ಲೆಕ್ಕ ಎರಡು ರಾತ್ರಿ. ಒಂದು ತಡವಾಗುವ ವಿಮಾನಕ್ಕೆ, ಇನ್ನೊಂದು ನಿದ್ದೆಗೆಟ್ಟ ದೇಹಕ್ಕೆ. ನಾಲ್ಕೈದು ಗಂಟೆಯ ಹಾರಾಟವಾದರೆ ಒಂದು ಸಾಕು. ‘ಹಡಗಿನ ಕಂಪನಿಯೇ ವಿಮಾನದ ಟಿಕೆಟ್ ಕೊಟ್ಟಿದೆ, ಅವರೇ ನೋಡಿಕೊಳ್ತಾರೆ’ ಎನ್ನುವವರು ಕರಾರನ್ನು ಮತ್ತೊಮ್ಮೆ ಓದಲಿ. ಸಾಮಾನ್ಯವಾಗಿ ಅವರು ನೋಡಿಕೊಳ್ಳುವುದು ನಿಮ್ಮನ್ನು ಮುಂದಿನ ಬಂದರಿಗೆ ಮುಟ್ಟಿಸುವುದನ್ನು. ಅದೂ ಎಲ್ಲ ಕಡೆ ನಡೆಯುವುದಿಲ್ಲ. ವಿದೇಶಿ ಬಾವುಟದ ಹಡಗು ಅಮೆರಿಕದ ಒಂದು ಬಂದರಿನಿಂದ ಅಮೆರಿಕದ ಇನ್ನೊಂದು ಬಂದರಿಗೆ ಪ್ರಯಾಣಿಕರನ್ನು ಒಯ್ಯಬಾರದು ಎಂಬ 1886ರ ಕಾನೂನು ಇನ್ನೂ ಜೀವಂತವಿದೆ. ಸಿಯಾಟಲ್‌ನಲ್ಲಿ ಹಡಗು ತಪ್ಪಿಸಿಕೊಂಡು, ಅಲಾಸ್ಕಾದ ಕೆಚಿಕಾನ್‌ಗೆ ಹಾರಿ ಹತ್ತಿ, ಸಿಯಾಟಲ್‌ನಲ್ಲಿ ಇಳಿಯುತ್ತೇನೆಂದರೆ ಆ ಕಾನೂನು ಅಡ್ಡ ಬರುತ್ತದೆ.

ಊರು ಮುಟ್ಟಿದ್ದಾಯಿತು. ಟರ್ಮಿನಲ್‌ಗೆ ಎಷ್ಟು ಹೊತ್ತಿಗೆ? ಇಲ್ಲಿ ನನ್ನ ಮಾತು ತಿರುವುಮುರುವು: ಊರಿಗೆ ಬೇಗ, ಹಡಗಿಗೆ ನಿಧಾನ.

ಬೆಳಿಗ್ಗೆ ಆರರ ಸುಮಾರಿಗೆ ಕಟ್ಟೆಗೆ ಬಂದ ಹಡಗು ಹಳೆಯ ಪ್ರಯಾಣಿಕರನ್ನು ಇಳಿಸಿ ಮುಗಿಸುವಾಗ ಒಂಬತ್ತೂವರೆ, ಹತ್ತು. ಅಷ್ಟರಲ್ಲಿ ಸಾವಿರಗಟ್ಟಲೆ ಹಾಸಿಗೆ ಬದಲಾಗಬೇಕು, ಒಂದು ವಾರದ ಅಕ್ಕಿ ಬೇಳೆ ತರಕಾರಿ ಏರಬೇಕು. ಹನ್ನೊಂದಕ್ಕೆ ಹೊಸಬರ ಬಾಗಿಲು ತೆರೆಯುತ್ತದೆ. ಹತ್ತಕ್ಕೇ ಬಂದು ಸಾಲಿನಲ್ಲಿ ನಿಲ್ಲುವ ಉತ್ಸಾಹಿಗಳದೊಂದು ಪಂಥವಿದೆ. ಖಾಲಿ ಈಜುಕೊಳ, ಮೊದಲ ಊಟ, ಜನವಿಲ್ಲದ ಡೆಕ್, ಇವು ಅವರ ವಾದ. ನಾನೂ ಮೊದಮೊದಲು ಆ ಪಂಥದವನೇ. ಆದರೆ ಕ್ಯಾಬಿನ್ ಕೈಗೆ ಸಿಗುವುದು ಒಂದೂವರೆಯ ಮೇಲೆ. ಅಲ್ಲಿಯವರೆಗೆ ಕೈಚೀಲ ಹೆಗಲಿಗೇರಿಸಿಕೊಂಡು ಬಫೆಯ ಸುತ್ತ ಪ್ರದಕ್ಷಿಣೆ. ಹನ್ನೊಂದೂವರೆಯಿಂದ ಒಂದರವರೆಗೆ ಟರ್ಮಿನಲ್ ಅಂದರೆ ಹಬ್ಬದ ಹಿಂದಿನ ದಿನದ ಮೆಜೆಸ್ಟಿಕ್. ಎರಡು ಗಂಟೆಗೆ ಹೋಗಿ ನೋಡಿ, ಹಗ್ಗ ಕಟ್ಟಿದ ಸಾಲುಗಳಲ್ಲಿ ಗಾಳಿ ಓಡಾಡುತ್ತಿರುತ್ತದೆ. ಈಗ ಹೆಚ್ಚಿನ ಕಂಪನಿಗಳವರು ಸಮಯದ ಚೀಟಿ ಕೊಡುತ್ತಾರೆ. ಆರಿಸಿಕೊಳ್ಳುವ ಅವಕಾಶವಿದ್ದರೆ ನಾನು ಒಂದೂವರೆಯದನ್ನು ಒತ್ತುತ್ತೇನೆ. ಹೆಂಡತಿ ಈಗಲೂ ಹನ್ನೊಂದರ ಪಕ್ಷ. ಹೀಗಾಗಿ ನಾವು ಹೋಗುವುದು ಹನ್ನೆರಡೂವರೆಗೆ, ಎರಡೂ ಪಂಥದ ಲಾಭಗಳನ್ನು ಕಳೆದುಕೊಂಡು.

ಭಾರತದ ಪಾಸ್‌ಪೋರ್ಟ್ ಇರುವವರು ಕೌಂಟರ್‌ನ ಹೊತ್ತಿಗೆ ಹತ್ತಿಪ್ಪತ್ತು ನಿಮಿಷ ಸೇರಿಸಿಕೊಳ್ಳಬೇಕು. ನಮ್ಮ ವೀಸಾದ ಪುಟಗಳನ್ನು ಅವರು ಶ್ರಾದ್ಧದ ಪುರೋಹಿತರಂತೆ ಒಂದೊಂದಾಗಿ ತಿರುವಿ ಹಾಕುತ್ತಾರೆ. ಸಿಂಗಪುರದಿಂದ ಹೊರಟು ಮಲೇಷ್ಯಾ ಮುಟ್ಟಿ ಸಿಂಗಪುರಕ್ಕೇ ಮರಳಿದರೂ ಲೆಕ್ಕದಲ್ಲಿ ಎರಡನೆಯ ಪ್ರವೇಶ. ಒಂದೇ ಪ್ರವೇಶದ ವೀಸಾದವರ ಮುಖ ಆಗ ನೋಡಲಾಗದು. ದೊಡ್ಡ ಪೆಟ್ಟಿಗೆಯನ್ನು ಬಾಗಿಲಲ್ಲೇ ಪೋರ್ಟರ್ ತೆಗೆದುಕೊಳ್ಳುತ್ತಾನೆ, ಅದು ಕ್ಯಾಬಿನ್ ಮುಟ್ಟುವಾಗ ಸಂಜೆ. ಮಾತ್ರೆಗಳನ್ನೂ ಪಾಸ್‌ಪೋರ್ಟನ್ನೂ ಅದರಲ್ಲಿಟ್ಟು ಕಳಿಸಿದ ಪುಣ್ಯಾತ್ಮರನ್ನು ಕಂಡಿದ್ದೇನೆ.

ಹತ್ತಿದ ಮೇಲೆ ಒಂದು ಕೆಲಸ ಬಾಕಿ: ಅಪಾಯ ಬಂದರೆ ಎಲ್ಲಿ ಸೇರಬೇಕೆಂದು ತೋರಿಸುವ ಮಸ್ಟರ್ ಡ್ರಿಲ್. ಬೇಸರದ ಕೆಲಸ ಎಂದು ನಾನೂ ಗೊಣಗುತ್ತಿದ್ದೆ. 2012ರ ಜನವರಿ 13ರ ಸಂಜೆ ಇದೇ ಚಿವಿತಾವೆಕ್ಕಿಯಾದಿಂದ ಹೊರಟ ಕೋಸ್ಟಾ ಕಾಂಕೋರ್ಡಿಯಾ ಕೆಲವೇ ಗಂಟೆಗಳಲ್ಲಿ ಜಿಲ್ಯೊ ದ್ವೀಪದ ಬಂಡೆಗೆ ಬಡಿದು ಒರಗಿತು. 32 ಜನ ಸತ್ತರು. ಅವತ್ತು ಹತ್ತಿದ ಸುಮಾರು 700 ಜನರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಆಗಿನ ನಿಯಮದಂತೆ ಹತ್ತಿದ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. 2015ರಿಂದ ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಆಗಲೇಬೇಕು. ಕೊನೆಯ ಗಳಿಗೆಗೆ ಬರುವವರನ್ನು ಕಂಡರೆ ಹಡಗಿನವರು ಮುಖ ಗಂಟಿಕ್ಕುವುದಕ್ಕೆ ಇದೂ ಒಂದು ಕಾರಣ.

ಹೊರಡುವ ದಿನ ಇಷ್ಟೆಲ್ಲ ಎಚ್ಚರ ವಹಿಸಿದವರೂ ನಡುವಿನ ಬಂದರುಗಳಲ್ಲಿ ಮೈಮರೆಯುತ್ತಾರೆ. ಪಣಂಬೂರಿನಲ್ಲಿ ಇದನ್ನು ಈಚೆ ದಡದಿಂದ ನೋಡಬಹುದು. ಚಳಿಗಾಲದಲ್ಲಿ ನವಮಂಗಳೂರು ಬಂದರಿಗೆ ವಿದೇಶಿ ಹಡಗು ಬೆಳಿಗ್ಗೆ ಬರುತ್ತದೆ. ಚೆಂಡೆ, ಯಕ್ಷಗಾನದ ವೇಷ, ಆಮೇಲೆ ಬಸ್ಸುಗಳು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, ಕಾರ್ಕಳದ ಗೊಮ್ಮಟನಿಗೆ. ಕಂಪನಿಯ ಬಸ್ಸಿನಲ್ಲಿ ಹೋದವರಿಗೆ ಹಡಗು ಕಾದೀತು. ತಾವೇ ಟ್ಯಾಕ್ಸಿ ಮಾಡಿಕೊಂಡು ಹೋದವರು ಕೂಳೂರು ಸೇತುವೆಯ ಮೇಲೆ ಲಾರಿಗಳ ನಡುವೆ ಸಿಕ್ಕಿಬಿದ್ದು ಗಡಿಯಾರ ನೋಡುವ ದೃಶ್ಯಕ್ಕೆ ಸಮನಾದ ಯಕ್ಷಗಾನ ಇಲ್ಲ. 2024ರ ಮಾರ್ಚ್‌ನಲ್ಲಿ ಆಫ್ರಿಕಾದ ಪಶ್ಚಿಮಕ್ಕಿರುವ ಸಾವೊ ತೊಮೆಯಲ್ಲಿ ಹಡಗು ತಪ್ಪಿದ ಎಂಟು ಜನ ದೇಶ ದೇಶ ಸುತ್ತಿ ಗ್ಯಾಂಬಿಯಾದಲ್ಲಿ ಕಾದರು. ನೀರಿಳಿದು ಹಡಗು ಅಲ್ಲಿಗೆ ಬರಲಾಗಲಿಲ್ಲ. ಕೊನೆಗೆ ಸೆನೆಗಾಲ್‌ನ ಡಕಾರ್‌ನಲ್ಲಿ ಸಿಕ್ಕಿತು. ಗಡಿಯಾರವೂ ಮೋಸ ಮಾಡುತ್ತದೆ: ಮೊಬೈಲ್ ಊರಿಗೊಂದು ಗಂಟೆ ತೋರಿಸುತ್ತದೆ. ಹಡಗಿನ ಗಂಟೆ ಬೇರೆಯಿರಬಹುದು. ಅದಕ್ಕೇ ನನ್ನ ಕೈಯಲ್ಲಿ ಇನ್ನೂ ಹಳೆಯ ಕೀಲಿ ಗಡಿಯಾರವಿದೆ. ಡೆಕ್‌ನ ಗಡಿಯಾರಕ್ಕೆ ಹೊಂದಿಸಿ ಬಿಟ್ಟುಬಿಡುತ್ತೇನೆ.

ಮುಂದಿನ ತಿಂಗಳು ನಮ್ಮ ಹಡಗು ಮುಂಬಯಿಯ ಬಲ್ಲಾರ್ಡ್ ಪಿಯರ್‌ನಿಂದ, ಶುಕ್ರವಾರ. ಹಿಂದೆ ಅಲ್ಲಿ ಕಟ್ಟೆಯ ಮೇಲೆಯೇ ರೈಲು ನಿಲ್ದಾಣವಿತ್ತು. ವಿಲಾಯತಿಯ ಟಪಾಲು ಇಳಿಸಿಕೊಂಡು ಫ್ರಂಟಿಯರ್ ಮೇಲ್ ಅಲ್ಲಿಂದ ದಿಲ್ಲಿಯ ಕಡೆ ಹೊರಡುತ್ತಿತ್ತು. ಈಗ ಉಳಿದಿರುವ ಆಕರ್ಷಣೆ ಪಕ್ಕದ ಬಲ್ಲಾರ್ಡ್ ಎಸ್ಟೇಟ್‌ನಲ್ಲಿ, ಬ್ರಿಟಾನಿಯಾದ ಬೆರ್ರಿ ಪುಲಾವ್. ಆ ಪಾರ್ಸಿ ಹೋಟೆಲ್ ಮಧ್ಯಾಹ್ನದ ಊಟಕ್ಕೆ ಮಾತ್ರ ತೆರೆಯುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದರೆ ಬುಧವಾರ ರಾತ್ರಿ ಬೆಂಗಳೂರು ಬಿಡಬೇಕು, ಅದು ಶೂಲೆಯ ದಿನ. ಮುಂಬಯಿ ಸೇರುವುದೋ ಗುರುವಾರ ರಾತ್ರಿ, ಪುಲಾವ್ ಮುಗಿದ ಮೇಲೆ. ಗುರುವಾರ ಬೆಳಗ್ಗಿನ ವಿಮಾನಕ್ಕೆ ಟಿಕೆಟ್ ತೆಗೆಸಿದ್ದೇನೆ. ಗುರುವಾರದ ಶೂಲೆ ದಕ್ಷಿಣಕ್ಕೆ, ಉತ್ತರಕ್ಕೆ ಹೋಗುವವರಿಗೆ ಅಡ್ಡಿಯಿಲ್ಲ.