ಮೊದಲು ಮಳವಳ್ಳಿ, ಆಮೇಲೆ ತಾಳಗುಂದ

ಪೆರುವಿಗೆ ಹೋದವರೆಲ್ಲ ಮಾಚುಪಿಚು ನೋಡುತ್ತಾರೆ. ಇಂಕಾ ಅರಸರು ಅದನ್ನು ಕಟ್ಟಿಸಿದ್ದು ಹದಿನೈದನೇ ಶತಮಾನದಲ್ಲಿ, ಹೆಚ್ಚುಕಡಿಮೆ ನಮ್ಮ ಹಂಪಿಯ ಕಾಲದಲ್ಲಿ. ಅದಕ್ಕೂ ಎಷ್ಟೋ ಶತಮಾನ ಹಿಂದೆ, ಅದೇ ನಾಡಿನ ಕರಾವಳಿಯಲ್ಲಿ ಮೋಚೆ ಜನ ಹಸಿ ಇಟ್ಟಿಗೆಯ ಪಿರಮಿಡ್ಡುಗಳನ್ನು ಎಬ್ಬಿಸಿದ್ದರು. ಟ್ರುಹಿಯೊ ಪಟ್ಟಣದ ಬಳಿಯ ಉವಾಕಾ ದೆ ಲಾ ಲೂನಾದಲ್ಲಿ ಹಳೆಯ ಗುಡಿಯನ್ನು ಇಟ್ಟಿಗೆ ತುಂಬಿ ಮುಚ್ಚಿ, ಅದರ ಮೇಲೆ ಹೊಸದನ್ನು ಕಟ್ಟುತ್ತಾ ಹೋದರು. ಅಗೆದಾಗ ಒಳಗೋಡೆಗಳ ಬಣ್ಣ ಉಳಿದೇ ಇತ್ತು. ಆದರೆ ಮೋಚೆಯವರಿಗೆ ಬರವಣಿಗೆ ಇರಲಿಲ್ಲ. ಅಷ್ಟು ದೊಡ್ಡದನ್ನು ಕಟ್ಟಿಸಿದವನ ಹೆಸರು ಏನೆಂದು ಗೊತ್ತಾಗುವ ದಾರಿಯೇ ಇಲ್ಲ.

ಶಿಕಾರಿಪುರ ತಾಲ್ಲೂಕು ಈ ವಿಷಯದಲ್ಲಿ ಪುಣ್ಯವಂತ. ಇಲ್ಲಿ ಹಳೆಯ ಪದರವೂ ಇದೆ, ಅದು ಮಾತನ್ನೂ ಆಡುತ್ತದೆ.

ಬಳ್ಳಿಗಾವಿಗೆ ಜನ ಹೋಗುತ್ತಾರೆ, ಹೋಗಲೇಬೇಕು. ಕೇದಾರೇಶ್ವರ, ತ್ರಿಪುರಾಂತಕ, ಗಂಡಭೇರುಂಡನ ಕಂಬ, ಅಲ್ಲಮನ ಊರು ಎಂಬ ಹೆಮ್ಮೆ ಎಲ್ಲ ಸರಿ. ಆದರೆ ಅದನ್ನೇ ಮೊದಲು ನೋಡಿಬಿಟ್ಟರೆ ಕೆತ್ತನೆಯ ಸೊಗಸಿಗೆ ಕಣ್ಣು ಸೋತು, ಅಲಂಕಾರವಿಲ್ಲದ ಕಲ್ಲು ಸಪ್ಪೆಯೆನಿಸುತ್ತದೆ. ಅದಕ್ಕೇ ಹೇಳುತ್ತೇನೆ, ಮಳವಳ್ಳಿಯಿಂದ ಶುರು ಮಾಡಿ. ಮಂಡ್ಯದ್ದಲ್ಲ, ಇದೇ ತಾಲ್ಲೂಕಿನ ಮಳವಳ್ಳಿ. ಅಲ್ಲೊಂದು ಕಂಬ. ಅದರ ಮೇಲೆ ಪ್ರಾಕೃತದಲ್ಲಿ ಎರಡು ಶಾಸನ. ಒಂದು ಚುಟು ವಂಶದ ಸಾತಕರ್ಣಿಯದು. ಇನ್ನೊಂದು, ಅವನ ನಂತರ ಬಂದ ಕದಂಬ ಅರಸನದು. ಬಿಟ್ಟುಹೋಗಿದ್ದ ಹಳೆಯ ದತ್ತಿಯನ್ನು ಇವನು ಮಳಪಳಿ ದೇವರಿಗೆ ಮತ್ತೆ ಕೊಟ್ಟು, ಅದನ್ನು ಅದೇ ಕಂಬದ ಮೇಲೆ ಬರೆಸಿದ. ಹೊಸ ಕಲ್ಲು ನಿಲ್ಲಿಸಲಿಲ್ಲ, ಹಿಂದಿನವನ ಅಕ್ಷರ ಕೆರೆಸಲೂ ಇಲ್ಲ. ಅರಸುಮನೆತನ ಬದಲಾದದ್ದನ್ನು ಒಂದೇ ಕಲ್ಲಿನ ಮೇಲೆ ಇಷ್ಟು ಹತ್ತಿರದಿಂದ ನೋಡುವ ಅವಕಾಶ ಅಪರೂಪ.

ಅಲ್ಲಿಂದ ತಾಳಗುಂದದ ಪ್ರಣವೇಶ್ವರ ಗುಡಿಗೆ ಬನ್ನಿ. ಗುಡಿಯ ಮುಂದಿನ ಕಂಬ ಎಂಟು ಮುಖದ್ದು, ಬೂದುಬಣ್ಣದ ಗಟ್ಟಿ ಕಲ್ಲು. ಸಾಲುಗಳು ಅಡ್ಡಕ್ಕಿಲ್ಲ, ಬುಡದಿಂದ ಮೇಲಕ್ಕೆ ಏರುತ್ತವೆ. ಏಳು ಮುಖಗಳಲ್ಲಿ ಎರಡೆರಡು ಸಾಲು, ಎಂಟನೆಯದರಲ್ಲಿ ಗಿಡ್ಡದೊಂದೇ ಸಾಲು. ಕತ್ತು ವಾರೆ ಮಾಡಿಕೊಂಡು ಕಂಬಕ್ಕೆ ಸುತ್ತು ಹಾಕಬೇಕು. ಎಳೆಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಅಕ್ಷರ ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಹೋದರೆ ಬರೀ ಕಲ್ಲು. ದಯವಿಟ್ಟು ಸೀಮೆಸುಣ್ಣ ತಿಕ್ಕಬೇಡಿ, ಎಣ್ಣೆ ಸವರಬೇಡಿ.

ಐದನೇ ಶತಮಾನದಲ್ಲಿ, ಕದಂಬ ಅರಸ ಶಾಂತಿವರ್ಮನ ಆಜ್ಞೆಯಂತೆ ಇದನ್ನು ರಚಿಸಿದವನು ಕುಬ್ಜನೆಂಬ ಕವಿ. ಸಂಸ್ಕೃತ ಪದ್ಯಗಳು. ಕದಂಬರ ಮನೆಯ ಬಳಿ ಬೆಳೆದಿದ್ದ ಕದಂಬ ಮರದಿಂದಲೇ ಆ ಮನೆತನಕ್ಕೆ ಹೆಸರು ಬಂತು ಎನ್ನುತ್ತಾನೆ. ಓದಲೆಂದು ಕಂಚಿಗೆ ಹೋದ, ಆ ಮನೆತನದ ಮೊದಲ ಅರಸ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ದರ್ಭೆ ಸಮಿತ್ತು ಹಿಡಿದಿದ್ದ ಕೈಗೆ ಕತ್ತಿ ತೆಗೆದುಕೊಂಡ ಕಥೆಯೂ ಇಲ್ಲಿಯದೇ. ಆ ಕಥೆಯಷ್ಟೇ ನನ್ನನ್ನು ಹಿಡಿದು ನಿಲ್ಲಿಸುವುದು ಕೊನೆಯ ಭಾಗ. ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಇಲ್ಲಿ ಕೆರೆ ತೋಡಿಸಿದ ಎನ್ನುವಾಗ ಕುಬ್ಜ ಮರೆಯದೆ ಸೇರಿಸುತ್ತಾನೆ: ಸಾತಕರ್ಣಿ ಮೊದಲಾದವರು ಪೂಜಿಸಿದ ಗುಡಿ ಇದು ಎಂದು. ಮಳವಳ್ಳಿ ನೋಡಿ ಬಂದವರಿಗೆ ಈ ಹೆಸರು ಪರಿಚಯದ್ದು. ಬಳ್ಳಿಗಾವಿಯಿಂದ ನೇರ ಬಂದವರಿಗೆ ಅದು ಕಿವಿಗೂ ಬೀಳುವುದಿಲ್ಲ.

ಇದೇ ಆವರಣದಲ್ಲಿ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 2013ರ ಸುಮಾರಿಗೆ ಉತ್ಖನನ ಮಾಡಿದಾಗ ಸಿಂಹಕಟಾಂಜನದ, ಅಂದರೆ ಸಿಂಹದ ಆಕಾರದ ಕಟಕಟೆಗಲ್ಲಿನ, ಶಾಸನ ಸಿಕ್ಕಿತು. ಇಲಾಖೆ ಅದರ ಕಾಲವನ್ನು ಕ್ರಿ.ಶ. 370 ಎಂದಿದೆ, ಹಾಗಾದರೆ ಕನ್ನಡದ ಬರಹ ಹಲ್ಮಿಡಿ ಶಾಸನಕ್ಕಿಂತ ಹಿಂದಕ್ಕೆ ಹೋಯಿತು. ಕಾಲದ ಬಗ್ಗೆ ವಿದ್ವಾಂಸರ ಚರ್ಚೆ ನಡೆಯಲಿ, ನಡೆಯಬೇಕು. ಶಾಲಾ ಪ್ರವಾಸದ ಬಸ್ಸುಗಳು ಮಾತ್ರ ಇಲ್ಲಿ ಒಂದು ಗಂಟೆಯಾದರೂ ನಿಲ್ಲಲಿ.

ಹೊರಡುವ ಮುನ್ನ ಎಪಿಗ್ರಾಫಿಯಾ ಕರ್ನಾಟಿಕದ ಏಳನೇ ಸಂಪುಟ ತಿರುವಿ ಹಾಕಿ. ಬಿ.ಎಲ್. ರೈಸ್ 1902ರಲ್ಲಿ ಹೊರತಂದದ್ದು, ಎರಡೂ ಊರಿನ ಪಾಠ ಅದರಲ್ಲಿದೆ. ಸೊರಬದ ಶಾಸನಗಳಿಗೆ ಎಂಟನೆಯದು ಬೇಕು. ಕುಬಟೂರು, ಚಂದ್ರಗುತ್ತಿಗೆ ಮುಂದಿನ ವಾರ ಹೋಗೋಣ.