ವಿತರಣಾ ಜಾಲದ ರಕ್ಷಣೆ: ಒಂದು ಪದ್ಧತಿಯ ವಿಮರ್ಶೆ

ಉಪಕೇಂದ್ರದಿಂದ ಹೊರಟ ವಿದ್ಯುತ್ತು ಫೀಡರಿನಲ್ಲಿ ಒಂದೇ ದಿಕ್ಕಿಗೆ ಹರಿಯುವುದೆಂಬ ನಂಬಿಕೆಯನ್ನಾಧರಿಸಿ ರಚಿತವಾಗಿದ್ದ ಫ್ಯೂಸು, ರಿಲೇ, ಬ್ರೇಕರುಗಳ ವ್ಯವಸ್ಥೆಯು, ಸೌರಫಲಕ ಮೊದಲಾದ ಸಣ್ಣ ಉತ್ಪಾದಕಗಳು ಅದೇ ತಂತಿಗಳಿಗೆ ಎಡೆಯೆಡೆಯಲ್ಲಿ ಸೇರತೊಡಗಿದೊಡನೆಯೇ ಶಿಥಿಲವಾಯಿತು. ಮುಖ್ಯಜಾಲವು ಕಡಿದುಹೋದ ಮೇಲೂ ಇಂಥ ಉತ್ಪಾದಕವು ತನ್ನ ಸುತ್ತಲಿನ ತಂತಿಗಳಲ್ಲಿ ವಿದ್ಯುತ್ತನ್ನು ಹರಿಸುತ್ತಲೇ ಇದ್ದರೆ, ಲೈನು ಆಫ್ ಆಗಿದೆಯೆಂದು ನಂಬಿ ಕಂಬವೇರಿದ ಲೈನ್‌ಮನ್ನನ ಪ್ರಾಣಕ್ಕೇ ಸಂಚಕಾರ. ಆದಕಾರಣ ಶಂಕೆ ಬಂದೊಡನೆ ಉತ್ಪಾದಕವು ಜಾಲದಿಂದ ಕಳಚಿಕೊಳ್ಳಬೇಕೆಂಬ ಪದ್ಧತಿ ಹಲವು ದೇಶಗಳಲ್ಲಿ ರೂಢಿಗೆ ಬಂದಿತು. ಅದರ ಉದ್ದೇಶವು ಸರ್ವಥಾ ಶ್ಲಾಘ್ಯ.

ದೋಷವಿರುವುದು ಶಂಕೆಯ ಮಾನದಂಡದಲ್ಲಿ. ಬ್ರಿಟನ್ನಿನ ಅನೇಕ ಸ್ಥಾವರಗಳಲ್ಲಿ, ಆವರ್ತನವು ಸೆಕೆಂಡಿಗೆ 0.125 ಹರ್ಟ್ಸ್‌ಗಿಂತ ವೇಗವಾಗಿ ಬದಲಾದರೆ ಸ್ಥಾನಿಕ ಸಂಪರ್ಕವೇ ಕಡಿದಿದೆಯೆಂದು ರಿಲೇ ತೀರ್ಮಾನಿಸುತ್ತಿದ್ದಿತು. ಆದರೆ ಆವರ್ತನವು ಇಡೀ ದೇಶದ ಜಾಲಕ್ಕೆ ಸಾಮಾನ್ಯವಾದದ್ದು. ದೂರದ ಮಹಾಸ್ಥಾವರವೊಂದು ನಿಂತರೂ ಅದು ಎಲ್ಲೆಡೆಯೂ ಕುಸಿಯುತ್ತದೆ. 2019ರ ಆಗಸ್ಟ್ 9ರ ಸಂಜೆ ಆದದ್ದೂ ಇದೇ. ಸಿಡಿಲೊಂದು ಪ್ರಸರಣ ಮಾರ್ಗಕ್ಕೆ ಬಡಿದೊಡನೆ ವೋಲ್ಟೇಜಿನ ಕೋನಪಲ್ಲಟವನ್ನೇ ಸಂಪರ್ಕ ಕಡಿದ ಕುರುಹೆಂದು ಬಗೆದು ಕೆಲವು ಸಣ್ಣ ಉತ್ಪಾದಕಗಳು ಕಳಚಿಕೊಂಡವು. ಹಾರ್ನ್‌ಸೀ ಕಡಲ ಪವನವಿದ್ಯುತ್ ಸ್ಥಾವರದ ಉತ್ಪಾದನೆ ಹಠಾತ್ತನೆ ಕುಸಿದು, ಲಿಟಲ್ ಬಾರ್ಫರ್ಡ್ ವಿದ್ಯುತ್‌ಸ್ಥಾವರದ ಘಟಕವೊಂದೂ ನಿಂತು, ಆವರ್ತನ ಇಳಿಯತೊಡಗಿದಾಗ, ನೆರವಿಗೆ ನಿಲ್ಲಬೇಕಾಗಿದ್ದ ನೂರಾರು ಮೆಗಾವಾಟ್‌ಗಳ ಉತ್ಪಾದನೆಯು ಆ ಇಳಿತದ ವೇಗಕ್ಕೇ ಬೆದರಿ ಹಿಮ್ಮೆಟ್ಟಿತು. ಆವರ್ತನವು 48.8 ಹರ್ಟ್ಸ್‌ಗೆ ಇಳಿದು, ಸುಮಾರು 11 ಲಕ್ಷ ಗ್ರಾಹಕರ ವಿದ್ಯುತ್ತನ್ನು ಸ್ವಯಂಚಾಲಿತವಾಗಿ ಕಡಿದ ಮೇಲಷ್ಟೇ ಜಾಲ ಉಳಿಯಿತು. ಒಂದೊಂದು ರಿಲೇಯೂ ತನಗೆ ವಿಧಿಸಿದ್ದನ್ನು ತಪ್ಪದೆ ಮಾಡಿದ್ದಿತು, ವಿಧಿಯೇ ಅವಿವೇಕದ್ದಾಗಿದ್ದಿತು.

ಕೋನಪಲ್ಲಟದ ವಿಧಾನವನ್ನು ಕೈಬಿಟ್ಟು, ಮಿತಿಯನ್ನು ಸೆಕೆಂಡಿಗೆ 1 ಹರ್ಟ್ಸ್‌ಗೆ ಏರಿಸಿ, ತೀರ್ಮಾನಕ್ಕೆ ಅರ್ಧ ಸೆಕೆಂಡಿನ ಅವಧಿಯನ್ನು ಕೊಡುವ ಸುಧಾರಣೆಯು ಆ ದುರ್ಘಟನೆಗೆ ಮೊದಲೇ ನಿಶ್ಚಿತವಾಗಿದ್ದರೂ ಎಲ್ಲ ಸ್ಥಾವರಗಳನ್ನು ಇನ್ನೂ ಮುಟ್ಟಿರಲಿಲ್ಲ. ಅದು ಸರಿಯಾದ ಸುಧಾರಣೆಯೆಂದೇ ನನ್ನ ಅಭಿಪ್ರಾಯ. ಅದಕ್ಕೂ ಬೆಲೆಯುಂಟು: ಕಡಿದುಹೋದ ತುಂಡುಜಾಲದಲ್ಲಿ ಉತ್ಪಾದನೆಯೂ ಬಳಕೆಯೂ ಸರಿಸಮವಾಗಿದ್ದರೆ ಆವರ್ತನ ನಿಧಾನವಾಗಿ ಬದಲಾಗಿ, ರಿಲೇಗೆ ಸುಳಿವೇ ಸಿಕ್ಕದಿರಬಹುದು. ಲೈನ್‌ಮನ್ನನ ಪ್ರಾಣವನ್ನು ರಿಲೇಯೊಂದಕ್ಕೇ ಒಪ್ಪಿಸಲಾಗದು. ತಂತಿಯನ್ನು ಪರೀಕ್ಷಿಸಿ, ಅರ್ಥಿಂಗ್ ಮಾಡಿದ ಹೊರತು ಮುಟ್ಟಕೂಡದೆಂಬ ಹಳೆಯ ಶಿಸ್ತನ್ನು ಇಮ್ಮಡಿ ನಿಷ್ಠೆಯಿಂದ ಪಾಲಿಸಬೇಕು. ಛಾವಣಿಗಳ ಮೇಲೆ ಸೌರಫಲಕಗಳು ಏರುತ್ತಿರುವ ನಮ್ಮ ನಾಡಿನ ಎಂಜಿನಿಯರರು ರಿಲೇಯ ಮಿತಿ, ಲೈನ್‌ಮನ್ನನ ಶಿಸ್ತು ಈ ಎರಡನ್ನೂ ಸ್ಥಾವರವು ಜಾಲಕ್ಕೆ ಸೇರುವ ಮುನ್ನವೇ ನಿರ್ಧರಿಸಲಿ.