ಬೆಂಗಳೂರಿನ ನೆತ್ತಿ, ಬೀದರಿನ ನೆರಳು

ಆಗಸ್ಟ್ 18 ಹತ್ತಿರ ಬಂತು, ನಡುಹಗಲು ಸೂರ್ಯ ಬೆಂಗಳೂರಿನ ನೆತ್ತಿಗೆ ಬಂದು ನೆರಳು ಮಾಯವಾಗುವ ಶೂನ್ಯ ನೆರಳಿನ ದಿನ ಯಾರಿಗೂ ಕಾಯುವುದಿಲ್ಲ.

ಕುಮಾರ ಪಾರ್ಕಿನ ನಮ್ಮ ಬೀದಿಯಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳಿದ್ದಾಳೆ. ವಿಜ್ಞಾನದ ಹೊಸ ಸುದ್ದಿ ಯಾವುದೇ ಇರಲಿ, ಮೊದಲು ಅವಳ ಬಾಯಲ್ಲೇ ಕೇಳಬೇಕು. 2025ರ ಏಪ್ರಿಲ್‌ನಲ್ಲಿ ಗೇಟಿನಿಂದಲೇ ಕೂಗಿದ್ದಳು: ‘ಅಂಕಲ್, ಕೆ2-18ಬಿ ಗ್ರಹದಲ್ಲಿ ಜೀವ ಸಿಕ್ಕಿತಂತೆ!’ ಸಿಕ್ಕಿದ್ದು ಜೀವವಲ್ಲ. ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ತಂಡಕ್ಕೆ ಜೇಮ್ಸ್ ವೆಬ್ ದೂರದರ್ಶಕ ಹಿಡಿದ ಬೆಳಕಿನಲ್ಲಿ ಡೈಮೀಥೈಲ್ ಸಲ್ಫೈಡ್ ಇರಬಹುದೆಂಬ ಸುಳಿವು ಕಂಡಿತ್ತು, ಅಷ್ಟೆ. ಭೂಮಿಯಲ್ಲಿ ಆ ಅನಿಲ ಹೆಚ್ಚಾಗಿ ಕಡಲಿನ ಸೂಕ್ಷ್ಮಜೀವಿಗಳದ್ದು. ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಸುಳಿವಿನ ಬಲ ಮೂರು ಸಿಗ್ಮಾ. ಪತ್ತೆ ಎನ್ನಲು ಐದು ಬೇಕು. ಆಮೇಲೆ ಬೇರೆ ತಂಡಗಳು ಅದೇ ದತ್ತಾಂಶ ಜಾಲಾಡಿ, ಸುಳಿವೇ ಗಟ್ಟಿಯಿಲ್ಲ ಎಂದವು.

ನನ್ನ ತಕರಾರು ಹುಡುಗಿಯ ಮೇಲಲ್ಲ, ‘ಪತ್ತೆ!’ ಪಂಥದವರ ಮೇಲೆ. ಅವರ ರೀಲ್ಸ್‌ಗಳಲ್ಲಿ ವಾರಕ್ಕೊಂದು ಅನ್ಯಲೋಕ ಪತ್ತೆಯಾಗುತ್ತದೆ. ಹೇಗೆ ಪತ್ತೆಯಾಯಿತೆಂಬುದು ಮಾತ್ರ ಇನ್ನೂ ಪತ್ತೆಯಾಗಿಲ್ಲ. ಹುಡುಗಿ ಇವರಿಗಿಂತ ಜಾಣೆ. ‘ಕೆ2-18ಬಿ 124 ಜ್ಯೋತಿರ್ವರ್ಷ ದೂರ ಅಂತಾರಲ್ಲ, ಟೇಪು ಹಿಡಿದವರು ಯಾರು?’ ಎಂದಳು. 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಎಚ್. ನರಸಿಂಹಯ್ಯನವರು ಜೀವನವಿಡೀ ಹೇಳಿದ್ದು ಇದನ್ನೇ: ಕೇಳದೆ ಒಪ್ಪಬೇಡಿ.

ನಕ್ಷತ್ರದ ದೂರ ಅಳೆಯಲು ಭೂಮಿಗೂ ಸೂರ್ಯನಿಗೂ ಇರುವ ದೂರ ಗೊತ್ತಿರಬೇಕು. ಅದನ್ನು ಶುಕ್ರ ಸಂಕ್ರಮಣದ ಹೊತ್ತಿನಲ್ಲಿ ಲೆಕ್ಕ ಹಾಕಿದವರಿಗೆ ಭೂಮಿಯ ಗಾತ್ರ ಬೇಕಾಗಿತ್ತು. ಭೂಮಿಯ ಗಾತ್ರವಿರುವುದು ಎರಡು ಊರಿನ ನೆರಳಿನಲ್ಲಿ. ಹಾಗೆ ಅಳೆದ ಪ್ರಾಚೀನ ಗ್ರೀಕ್ ಪಂಡಿತ ಎರಟೋಸ್ತನೀಸನಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯ, ಸಯೀನ್ ಇದ್ದವು. ನಮಗೆ ಬೆಂಗಳೂರು, ಬೀದರ್ ಇವೆ. ಇವೆರಡರ ರೇಖಾಂಶ ಹೆಚ್ಚುಕಮ್ಮಿ ಒಂದೇ. ಬೀದರ್ ನಮ್ಮ ನೆತ್ತಿಯ ಮೇಲೇ, ನೇರ ಉತ್ತರಕ್ಕೆ ಕೂತಿದೆ. ಕನ್ನಡ ನಾಡಿಗೆ ಭೂಗೋಳ ಇಷ್ಟು ಉಪಕಾರ ಮಾಡಿರುವಾಗ ಈಜಿಪ್ಟಿಗೇಕೆ ಹೋಗಬೇಕು?

ಹಿಂದಿನ ಶೂನ್ಯ ನೆರಳಿನ ದಿನವಾದ ಏಪ್ರಿಲ್ 24ರಂದು ತಾರಸಿಯಲ್ಲಿ ಒಂದು ಮೀಟರ್ ಉದ್ದದ ಪಿವಿಸಿ ಪೈಪು ನಿಲ್ಲಿಸಿ, ದಾರಕ್ಕೆ ನಟ್ಟು ಕಟ್ಟಿ ನೆಟ್ಟಗಿದೆಯೇ ನೋಡಿದೆವು. 12 ಗಂಟೆ 18 ನಿಮಿಷಕ್ಕೆ ಪೈಪಿನೊಳಗೆ ಬಿಸಿಲು ತಳ ಮುಟ್ಟಿತು. ಹೊರಗೆ ನೆರಳೇ ಇಲ್ಲ. ಅದೇ ಹೊತ್ತಿಗೆ ಬೀದರಿನಿಂದ ಅವಳ ಸೋದರಮಾವನ ಫೋನು: ಅಲ್ಲಿನ ಪೈಪಿನ ನೆರಳು ಉತ್ತರಕ್ಕೆ ಎಂಟೂವರೆ ಸೆಂಟಿಮೀಟರ್. ಅಂದರೆ ಸೂರ್ಯ ಸುಮಾರು ಐದು ಡಿಗ್ರಿ ವಾಲಿದ್ದಾನೆ. ಪೂರ್ತಿ ವೃತ್ತದಲ್ಲಿ ಅಂಥ ಐದು ಡಿಗ್ರಿಗಳು 72. ಎರಡೂ ಊರಿಗೆ ನೇರ ಅಂತರ ಸುಮಾರು 550 ಕಿಲೋಮೀಟರ್. ಗುಣಿಸಿದರೆ 39,600. ಪುಸ್ತಕದ ಭೂಮಿಯ ಸುತ್ತಳತೆ 40,000ದ ಆಸುಪಾಸು. ಹುಡುಗಿ ಎರಡು ಸಲ ಗುಣಿಸಿ ನೋಡಿದಳು.

ಆಗಸ್ಟ್ 18ರಂದು ಗಳಿಗೆ 12:24ರ ಸುಮಾರಿಗೆ. ಮೋಡದ ಕಾಟ ಇದ್ದದ್ದೇ. ತಾರಸಿ ಸಿಗದವರು ಚೌಡಯ್ಯ ರಸ್ತೆಯ ತಾರಾಲಯದ ಕಡೆ ನಡೆಯಿರಿ. ಬೀದರಿನ ಬಂಧುಗಳಿಗೆ ಈಗಲೇ ಫೋನ್ ಮಾಡಿಡಿ. ‘ಪತ್ತೆ!’ ಪಂಥದವರೂ ಧಾರಾಳವಾಗಿ ಬರಲಿ, ಪೈಪು ಹಿಡಿದುಕೊಳ್ಳಲು ಒಬ್ಬರು ಬೇಕು.